ರಾಸು ಎಷ್ಟವೆ ಸ್ವಾಮಿ?

ಎಂಬತ್ತನೇ ಇಸವಿಯ ಆಸುಪಾಸು. ಅಜ್ಜಂಪುರಕ್ಕೆ ವರ್ಗವಾದ ಹೊಸತು. ನನ್ನ ಕ್ವಾರ್ಟರ್ಸ್ ಅಂಗಳದಲ್ಲಿ ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ತುಳಿದುಕೊಂಡು ಬರುವವರು ಯಾರೂ ಇರಲಿಲ್ಲ. ಒಂದು ದಿನ ಕಡೂರಿಗೆ ಹೋಗಿ, ಪಂಪ್‌ಸೆಟ್ ಮಾರುವ ಸಾಹೇಬರ ಅಂಗಡಿಯಲ್ಲಿ ಕೇಳಿದೆ: "ಹುಲ್ಲು ಕತ್ತರಿಸೋ ಮಿಷನ್ ಬೇಕಿತ್ತು. ಕರೆಂಟಿಂದು ಒಳ್ಳೇದೋ, ಪೆಟ್ರೋಲಿಂದೋ?"

"ರಾಸು ಎಷ್ಟವೆ ಸ್ವಾಮಿ?"

ಮೇವು ಕತ್ತರಿಸೋ ಮಿಷನ್ ಅಂದುಕೊಂಡಿದ್ದರು. "ಒಂದೂ ಇಲ್ಲ. ಕತ್ತರಿಸಿ ಬಿಸಾಕೋಕೆ," ಅಂದೆ.

"ಬಿಸಾಕೋಕಾ?" ಸಾಹೇಬರು ಕನ್ನಡಕ ತೆಗೆದರು. "ಮನೇಲಿ ಎಷ್ಟು ಜನ?"

"ನಾನೊಬ್ಬನೇ."

ಸಾಹೇಬರು ಕನ್ನಡಕ ಮತ್ತೆ ಹಾಕಿಕೊಂಡರು. "ಕರೆಂಟಿಂದು ತಗೊಂಡ್ರೆ ಕರೆಂಟೇ ಇರಲ್ಲ. ಪೆಟ್ರೋಲಿಂದು ಕೆಟ್ಟರೆ ಬೆಂಗಳೂರಿಗೇ ಹೊತ್ಕೊಂಡು ಹೋಗ್ಬೇಕು. ಒಂದು ಎಮ್ಮೆ ಕಟ್ಟಿ ಸ್ವಾಮಿ. ಹುಲ್ಲೂ ಖಾಲಿಯಾಗುತ್ತೆ, ಮನೇಲಿ ಒಂದು ಜೀವ ಇದ್ದಂಗೂ ಆಗುತ್ತೆ."

ನನಗೆ ರೇಗಿತು. ನಾನು ಕೇಳಿದ್ದು ಮಿಷನ್ ಬಗ್ಗೆ, ನನ್ನ ಬಗ್ಗೆ ಅಲ್ಲ. ಬರಿಗೈಲಿ ಬಸ್ಸು ಹತ್ತಿದೆ.

ಎಮ್ಮೆಯನ್ನೇನೂ ಕಟ್ಟಲಿಲ್ಲ. ಆದರೆ ಮಾರನೇ ದಿನದಿಂದ ಆಫೀಸಿಗೆ ಹೊರಡುವಾಗ ಗೇಟಿನ ಚಿಲಕ ಹಾಕೋದು ಬಿಟ್ಟೆ. ವಾರದೊಳಗೆ ಯಾರದೋ ಎಮ್ಮೆ ಬಂದು ಮೇಯತೊಡಗಿತು. ಸಂಜೆ ನಾನು ಬಂದರೆ ಒಮ್ಮೆ ತಲೆಯೆತ್ತಿ ನೋಡೋದು. ಹುಲ್ಲು ಮುಗಿದುಬಿಟ್ಟೀತು ಅಂತ ಹೆದರಿ, ಅಂಗಳಕ್ಕೆ ದಿನಾ ನೀರು ಹಾಕೋಕೆ ಶುರು ಮಾಡಿದೆ.