ಟಾರ್ಚಕ್ಕ ನೋಡದ ಕೊನೆಯ ರೀಲು

ಧಡಬಡ, ಧಡಬಡ, ಧಡಬಡ. ಲಾಡ್ಜಿನ ನೆಲಮಾಳಿಗೆಯಲ್ಲಿ ದೊಡ್ಡ ವಾಷಿಂಗ್ ಮೆಷಿನ್ನು ಹೊಟ್ಟೆತುಂಬ ಚಾದರಗಳನ್ನು ತುಂಬಿಕೊಂಡು ಕುಣಿಯುತ್ತಿತ್ತು. ಆ ಗದ್ದಲದಲ್ಲಿ ಮಗಳು ಫೋನಿನಲ್ಲಿ ಹೇಳಿದ್ದು ಟಾರ್ಚಕ್ಕನಿಗೆ ಅರ್ಧವಷ್ಟೇ ಕೇಳಿಸಿತು. ಆ ಅರ್ಧವೇ ಸಾಕಾಯಿತು. ಕೈಲಿದ್ದ ಒದ್ದೆ ಬಟ್ಟೆಯನ್ನು ಬುಟ್ಟಿಗೆ ಒಗೆದು, “ಏನಂದೆ? ಇನ್ನೊಂದ್ಸಲ ಹೇಳು!” ಎಂದು ಕೂಗಿದಳು.

“ಕಾರ್ ಟಾಕೀಸು ಮತ್ತೆ ಶುರುವಾಗ್ತಿದೆ ಅಮ್ಮಾ! ಮೊದಲನೇ ಆಟ ಇವತ್ತೇ. ಯಾವ ಸಿನಿಮಾ ಗೊತ್ತಾ? ನಿನ್ನ ದೀಪದ ಗೋಪುರದ ಹುಡುಗಿದು!”

ಟಾರ್ಚಕ್ಕ ಮೆಷಿನ್ನಿನ ಜೊತೆ ತಾನೂ ಕುಣಿಯಲಿಲ್ಲ, ಅಷ್ಟೇ.

ಅವಳಿಗೆ ಆ ಅಡ್ಡಹೆಸರು ಬಂದದ್ದೇ ಕಾರ್ ಟಾಕೀಸಿನಿಂದ. ಊರಾಚೆಯ ಬಯಲು, ಬಯಲಿನ ತುದಿಗೆ ಸುಣ್ಣ ಬಳಿದ ಆನೆಯಂಥ ಗೋಡೆ, ಅದರ ಮುಂದೆ ಸಾಲುಸಾಲು ಮಣ್ಣಿನ ದಿಬ್ಬ. ಕಾರಿನ ಮುಂದಿನ ಚಕ್ರ ದಿಬ್ಬ ಹತ್ತಿ ನಿಂತರೆ ಒಳಗೆ ಕೂತವರ ಕಣ್ಣು ನೇರ ಗೋಡೆಯ ಮೇಲೆ. ಕತ್ತಲಲ್ಲಿ ಬಂದ ಕಾರುಗಳಿಗೆ ಟಾರ್ಚು ಬೀಸಿ ಜಾಗ ತೋರಿಸುವುದು ಅವಳ ಕೆಲಸ. ಮದುವೆಗೆ ಮುಂಚೆ ಸೇರಿದವಳು, ಮಗಳು ಹುಟ್ಟಿ ಶಾಲೆಗೆ ಹೋಗುವವರೆಗೂ, ಟಾಕೀಸು ಬಾಗಿಲು ಹಾಕುವವರೆಗೂ ಅಲ್ಲೇ ಇದ್ದಳು. ಎಷ್ಟು ಸಿನಿಮಾ ಕಂಡಿದ್ದಳೋ ಲೆಕ್ಕವಿಲ್ಲ. ಆದರೆ ಅಲ್ಲಿ ಒಂದರ ಕೊನೆಯನ್ನೂ ಕಂಡವಳಲ್ಲ.

ಯಾಕೆಂದರೆ ಹೊರಗೆ ಹೋಗುವ ಗೇಟು ಇದ್ದದ್ದು ಆ ಗೋಡೆಯ ಬೆನ್ನಿಗೆ. ಕೊನೆಯ ರೀಲು ಹತ್ತಿದ ಕೂಡಲೇ ಪ್ರೊಜೆಕ್ಟರ್ ಓಡಿಸುವ ಮೆಷಿನ್ ರೂಮಿನವನು ಸಿಳ್ಳೆ ಹಾಕುತ್ತಿದ್ದ. ಅವಳು ಓಡಿಹೋಗಿ ಸರಪಳಿ ಬಿಚ್ಚಿ, ರಸ್ತೆಯ ಲಾರಿಗಳನ್ನು ತಡೆದು ನಿಲ್ಲಿಸಬೇಕು. ಗೋಡೆಯ ಆ ಕಡೆ ನಾಯಕಿಗೆ ಏನಾಗುತ್ತಿದೆಯೋ, ಈ ಕಡೆ ಅವಳಿಗೆ ಕಾಣುತ್ತಿದ್ದದ್ದು ಬರೀ ಇಟ್ಟಿಗೆ. ಕಾರ್ ಟಾಕೀಸಿನಲ್ಲಿ ಚಪ್ಪಾಳೆ ಇಲ್ಲ, ಹಾರ್ನೇ ಚಪ್ಪಾಳೆ. ಪೋಂ ಪೋಂ ಎಂದು ಉದ್ದಕ್ಕೆ ಹೊಡೆದರೆ ಜೋಡಿ ಕೂಡಿತು. ಹಾರ್ನಿಲ್ಲದೆ ಕಾರುಗಳು ಮೆಲ್ಲಗೆ ಬಂದು, ಟಾರ್ಚಿನ ಬೆಳಕಿಗೆ ಒಳಗಿನವರು ಮುಖ ಒರೆಸಿಕೊಂಡರೆ ಯಾರೋ ಸತ್ತರು. ಅಷ್ಟು ಸಾಮಗ್ರಿ ಸಿಕ್ಕರೆ ಸಾಕು, ಮನೆ ಸೇರುವಷ್ಟರಲ್ಲಿ ಅವಳು ಕೊನೆಯನ್ನು ತಾನೇ ಕಟ್ಟಿಬಿಡುತ್ತಿದ್ದಳು.

ಉಳಿದ ಸಿನಿಮಾಗಳ ಕೊನೆ ಆಮೇಲೆ ಟಿವಿಯಲ್ಲಿ ಸಿಕ್ಕಿತು. ದೀಪದ ಗೋಪುರದ್ದು ಮಾತ್ರ ಎಲ್ಲೂ ಬರಲೇ ಇಲ್ಲ. ಸಮುದ್ರಕ್ಕೆ ಹೋದ ಹುಡುಗ ವಾಪಸ್ಸು ಬಂದನೋ ಇಲ್ಲವೋ ಎಂಬುದು ಹಲ್ಲಿನ ಸಂದಿಯ ನಾರಿನಂತೆ ಇಷ್ಟು ವರ್ಷ ಅವಳನ್ನು ಕಾಡುತ್ತಿತ್ತು.

ಸಂಜೆ ಗಂಡ ತನ್ನ ಹಳೇ ಕಾರು ತಂದು ನಿಲ್ಲಿಸಿದ. ಫ್ರಿಜ್ ರಿಪೇರಿ ಮಾಡುವವನು. ಹಿಂದಿನ ಸೀಟಿನಲ್ಲಿದ್ದ ಪೈಪು, ಸ್ಪ್ಯಾನರುಗಳನ್ನೆಲ್ಲ ತೆಗೆದು ಮಗಳಿಗೆ ಜಾಗ ಮಾಡಿದ್ದ. ಟಾರ್ಚಕ್ಕ ಪೌಡರು ಹಚ್ಚಿ, ಬಾಚಿದ ತಲೆಯನ್ನೇ ಮತ್ತೆ ಬಾಚಿದಳು.

“ಕತ್ತಲಲ್ಲಿ ಕೂರೋಕೆ ಇಷ್ಟು ಸಿಂಗಾರ ಯಾರಿಗಮ್ಮಾ?” ಎಂದಳು ಮಗಳು.

“ಗಿರಾಕಿಯಾಗಿ ಹೋಗ್ತಿರೋದು ಇದೇ ಮೊದಲು ಕಣೇ. ಒಂದು ಗತ್ತು ಬೇಡ್ವಾ?”

ಗತ್ತು ಗೇಟಿನವರೆಗೂ ನಿಲ್ಲಲಿಲ್ಲ. ಬಯಲು ಕಂಡದ್ದೇ ಅವಳು ಕಿಟಕಿಯಿಂದ ಅರ್ಧ ಹೊರಗೆ ಬಂದಳು. “ರೀ, ಬಲಕ್ಕೆ! ಇನ್ನೂ ಮುಂದೆ, ಚಕ್ರ ದಿಬ್ಬ ಹತ್ತಲಿ. ಹಾಂ, ಸಾಕು ಸಾಕು!” ಜಾಗ ತೋರಿಸಲು ಬಂದಿದ್ದ ಸಮವಸ್ತ್ರದ ಹೆಂಗಸು ಸೊಂಟಕ್ಕೆ ಕೈಯಿಟ್ಟು, “ಅಕ್ಕಾ, ನಂಗೂ ಸ್ವಲ್ಪ ಕೆಲಸ ಉಳಿಸಿ” ಎಂದಳು.

ಹಿಂದೆ ದಿಬ್ಬದ ಪಕ್ಕದ ಕಂಬದಿಂದ ಸ್ಪೀಕರು ತೆಗೆದು ಕಿಟಕಿಗೆ ಸಿಕ್ಕಿಸಿಕೊಳ್ಳಬೇಕಿತ್ತು. ಈಗ ಮಾತು, ಹಾಡು ಎಲ್ಲ ಕಾರಿನ ರೇಡಿಯೋದಲ್ಲೇ ಬರುತ್ತದೆ. ಗಂಡ ಎಂಜಿನ್ ಆರಿಸಿ ರೇಡಿಯೋ ಹಾಕಿದ. ಸೆಕೆಯೆಂದು ಫ್ಯಾನು ಹಾಕಿದ. ಮಗಳು ಫೋನು ಚಾರ್ಜಿಗಿಟ್ಟಳು. ಗೋಡೆ ಬೆಳಗಿತು, ಕಡಲು ಮೊರೆಯಿತು, ಟಾರ್ಚಕ್ಕ ಗಂಡನ ತೊಡೆ ಚಿವುಟಿದಳು.

“ಅಯ್ಯಪ್ಪಾ! ಸಿನಿಮಾ ಅಲ್ಲಿದೆ ಕಣೇ, ನನ್ನ ತೊಡೆ ಮೇಲಲ್ಲ.”

“ಅಮ್ಮಾ, ಕೊನೇಲಿ ಹುಡುಗಿನೇ ದೋಣಿ ಹತ್ತಿ ಹುಡುಕ್ಕೊಂಡು ಹೋಗ್ತಾಳೆ ಅಂದಿದ್ದೆ ಅಲ್ವಾ?”

“ನಿನಗೆ ಹಾಗೆ ಹೇಳಿದ್ಲಾ?” ಗಂಡ ಹಿಂದೆ ತಿರುಗಿದ. “ಮದುವೆಯಾದ ಹೊಸದರಲ್ಲಿ ನನಗೆ ಹೇಳಿದಾಗ ಆ ಹುಡುಗ ಮುಳುಗೇ ಹೋಗಿದ್ದ. ನಮ್ಮಮ್ಮನಿಗೆ ಹೇಳಿದಾಗ ಬದುಕಿ ಬಂದಿದ್ದ. ಪಾಪ, ಒಬ್ಬನೇ ಮನುಷ್ಯ, ಎಷ್ಟು ಅಂತ ಅಲೀತಾನೆ!”

“ಜನ ಒಂದೊಂದು ದಿನ ಒಂದೊಂದು ಥರ ಹಾರ್ನ್ ಹೊಡೆದ್ರೆ ನಾನೇನ್ರೀ ಮಾಡ್ಲಿ? ಬಾಯಿ ಮುಚ್ಚಿ ನೋಡಿ. ಇವತ್ತು ಇತ್ಯರ್ಥ ಆಗೋಗ್ಲಿ.”

ಮಧ್ಯಂತರ ಮುಗಿಯಿತು. ಕಂಡ ದೃಶ್ಯಗಳೇ ಆದರೂ ಅವಳು ಮೂಗು ಮುಂದಿನ ಗಾಜಿಗೆ ತಾಗುವಷ್ಟು ಬಾಗಿದ್ದಳು. ಬಿರುಗಾಳಿ ಎದ್ದಿತು. ಗೋಪುರದ ದೀಪ ಆರಿತು. ಹುಡುಗಿ ಲಾಂದ್ರ ಹಿಡಿದು ಸುತ್ತುಮೆಟ್ಟಿಲು ಹತ್ತತೊಡಗಿದಳು. ಇಲ್ಲೇ, ಸರಿಯಾಗಿ ಈ ಮೆಟ್ಟಿಲಿಗೇ, ಆ ಸಿಳ್ಳೆ ಬೀಳುತ್ತಿದ್ದದ್ದು. ಇವತ್ತು ಬೀಳಲಿಲ್ಲ. ಹುಡುಗಿ ಮೇಲಕ್ಕೆ ಬಂದೇಬಿಟ್ಟಳು. ಟಾರ್ಚಕ್ಕ ಎಂದೂ ಕಾಣದ ಆಕಾಶ, ಎಂದೂ ಕಾಣದ ಕಡಲು. ದೂರದ ಅಲೆಗಳ ನಡುವೆ ಕಪ್ಪಗೆ ಒಂದು ಚುಕ್ಕಿ. ಹುಡುಗಿ ಬಾಯಿ ತೆರೆದು—

ಕಿರ್‍ರ್ ಎಂದು ರೇಡಿಯೋ ಸತ್ತಿತು. ಫ್ಯಾನೂ ನಿಂತಿತು.

ಗಂಡ ಕೀಲಿ ತಿರುಗಿಸಿದ. ಟಿಕ್. ಮತ್ತೆ ತಿರುಗಿಸಿದ. ಟಿಕ್.

“ಬ್ಯಾಟರಿ ಇಳಿದೋಯ್ತು” ಎಂದ, ಯಾರದೋ ಸಾವಿನ ಸುದ್ದಿ ಹೇಳುವವನಂತೆ.

“ಊರಿನ ಫ್ರಿಜ್ಜಿಗೆಲ್ಲ ಕರೆಂಟಿನ ಪಾಠ ಹೇಳ್ತೀರ, ಫ್ಯಾನ್ ಹಾಕ್ಬೇಡಿ ಅಂತ ನಿಮಗೆ ಯಾರು ಹೇಳ್ಬೇಕಪ್ಪಾ?” ಎಂದಳು ಮಗಳು.

“ನಿನ್ನ ಫೋನೇನು ಗಾಳಿ ಕುಡೀತಿತ್ತಾ?”

ಗೋಡೆಯ ಮೇಲೆ ಹುಡುಗಿಯ ತುಟಿಗಳು ಆಡುತ್ತಿದ್ದವು. ಏನೋ ಕೂಗುತ್ತಿದ್ದಾಳೆ. ಯಾರನ್ನು? ಬಂದವನನ್ನೋ, ಹೋದವನನ್ನೋ? ಟಾರ್ಚಕ್ಕನ ಕೈ ತಾನಾಗಿ ಬಾಗಿಲಿಗೆ ಹೋಯಿತು.

“ಏ, ಒಂದ್ನಿಮಿಷ ಇರೇ!” ಗಂಡ ಅವಳ ಸೆರಗು ಹಿಡಿದ. “ಪಕ್ಕದವರ ಬ್ಯಾಟರಿಗೆ ವೈರ್ ಕೊಟ್ಟು ಈಗ ಸ್ಟಾರ್ಟ್ ಮಾಡ್ತೀನಿ. ಅದೇನು ದೊಡ್ಡ ಕೆಲಸ, ಮೊದಲು ಕೆಂಪು ವೈರು...”

“ನೀವು ಮಾಡ್ತಾ ಇರಿ.” ಅವಳು ಸೆರಗು ಬಿಡಿಸಿಕೊಂಡಳು.

“ಅಮ್ಮಾ, ಬೇಡ, ಏನಾಯ್ತು ಅಂತ ಆಮೇಲೆ ಯಾರನ್ನಾದ್ರೂ ಕೇಳೋಣ...”

‘ಕೇಳೋಣ’ ಎಂಬ ಮಾತು ಕಿವಿಗೆ ಬಿದ್ದದ್ದೇ ಅವಳು ಇಳಿದೇಬಿಟ್ಟಳು. ಸುತ್ತಲ ಕಾರುಗಳ ತೆರೆದ ಕಿಟಕಿಗಳಿಂದ ಆ ಹುಡುಗಿಯ ದನಿ ತುಣುಕು ತುಣುಕಾಗಿ ಸೋರುತ್ತಿತ್ತು. ಮುಂದೆ ಹೋದಷ್ಟೂ ಗಟ್ಟಿ. ಹಿಂದೆ ಗಂಡ ಕೆಂಪು ವೈರಿನಿಂದ ಕಪ್ಪು ವೈರಿಗೆ ಬಂದಿದ್ದ, ಮಗಳು “ಅಮ್ಮಾ, ಚಪ್ಪಲಿ!” ಎನ್ನುತ್ತಿದ್ದಳು. ಟಾರ್ಚಕ್ಕ ಒಂದು ದಿಬ್ಬ ದಾಟಿದಳು, ಇನ್ನೊಂದು ದಾಟಿದಳು, ಕತ್ತೆತ್ತಿ ಆ ಬೆಳ್ಳನೆಯ ಗೋಡೆಯನ್ನೇ ನೋಡುತ್ತ, ಬರಿಗಾಲಲ್ಲಿ ಸರಸರನೆ ನಡೆದಳು.