ಕಲ್ಲಿಗೆ ಕಿವಿಗೊಟ್ಟ ದೊಡ್ಡಣ್ಣ

ವಡೋದರದ ಮಕರಪುರದಲ್ಲಿ ಗಣಿಗಳಿಗೆ ಡ್ರಿಲ್ಲಿಂಗ್ ಯಂತ್ರ ಮಾಡಿಕೊಡುವ ಒಂದು ಕಾರ್ಖಾನೆ ಇತ್ತು. ಹೊಸ ಯಂತ್ರ ಸಿದ್ಧವಾದಾಗಲೆಲ್ಲ ಹಿಂದಿನ ಅಂಗಳದಲ್ಲಿ ಒಂದು ಕಗ್ಗಲ್ಲಿನ ಮೇಲೆ ನಿಲ್ಲಿಸಿ ಅದನ್ನು ಓಡಿಸಿ ನೋಡುತ್ತಿದ್ದರು. ಆಗ ದೊಡ್ಡಣ್ಣನಿಗೆ ಕರೆ ಹೋಗುತ್ತಿತ್ತು. ಅವನು ಬಂದು, ಕತ್ತು ಸ್ವಲ್ಪ ಓರೆ ಮಾಡಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಯಂತ್ರದ ಸರಳು ಕಲ್ಲನ್ನು ಕೊರೆಯುವ ಸದ್ದಿನಲ್ಲೇ ಕಲ್ಲು ಗಟ್ಟಿಯೋ ಮೆತ್ತಗೋ, ಒಳಗೆ ಬಿರುಕಿದೆಯೋ, ಸರಳು ಸಿಕ್ಕಿಬೀಳುತ್ತದೆಯೋ ಎಲ್ಲ ಅವನಿಗೆ ಗೊತ್ತಾಗುತ್ತಿತ್ತು. ಗುಜರಾತಿ ಕೆಲಸಗಾರರು ಅವನನ್ನು ದೊಡ್ಡಾಭಾಯಿ ಎನ್ನುತ್ತಿದ್ದರು. ಕಲ್ಲು ದೊಡ್ಡಾಭಾಯಿಯ ಹತ್ತಿರ ಮಾತಾಡುತ್ತದೆ ಎಂದು ಹೊಸಬರಿಗೆ ಹೇಳಿ ಹೆದರಿಸುತ್ತಿದ್ದರು. ಅದು ಅವನಿಗೆ ಒಳಗೊಳಗೇ ಖುಷಿ. ಯಾರಿಗೆ ತಾನೇ ಖುಷಿಯಾಗುವುದಿಲ್ಲ?

ಈ ವಿದ್ಯೆ ಅವನಿಗೆ ಬಂದದ್ದು ಕೋಲಾರದ ಚಿನ್ನದ ಗಣಿಯ ತಳದಲ್ಲಿ. ಅಲ್ಲಿ ಕತ್ತಲು, ಬಿಸಿ, ತಲೆಯ ಮೇಲೆ ಅಷ್ಟೆತ್ತರದ ಬೆಟ್ಟದ ಭಾರ. ಕಣ್ಣಿಗೆ ಅಲ್ಲಿ ಹೆಚ್ಚು ಕೆಲಸವಿಲ್ಲ, ಕಿವಿಯೇ ಕಾಪಾಡಬೇಕು. ಅವನ ಅಪ್ಪನೂ ಡ್ರಿಲ್ಲರ್. ಎದೆಯಲ್ಲಿ ಕಲ್ಲಿನ ಧೂಳು ತುಂಬಿ, ಅಪ್ಪ ಕೊನೆಗೆ ನಾಲ್ಕು ಹೆಜ್ಜೆ ನಡೆಯಲಾರದೆ ಗೋಡೆಗೆ ಒರಗಿ ಕೂತೇ ಪ್ರಾಣ ಬಿಟ್ಟಿದ್ದ. ಗಣಿ ಕೆಲಸಗಾರರ ಲೈನ್ ಮನೆಗಳ ಮಕ್ಕಳಿಗೆ ಆ ಕೆಮ್ಮು ಕೇಳಿಯೇ ಗೊತ್ತಾಗುತ್ತಿತ್ತು, ಯಾರ ಮನೆಯಲ್ಲಿ ಇನ್ನು ಎಷ್ಟು ದಿನ ಎಂದು. ದೊಡ್ಡಣ್ಣನ ಕಾಲಕ್ಕೆ ಸರಳಿನೊಳಗಿಂದಲೇ ನೀರು ಬಿಟ್ಟು ಕೊರೆಯುತ್ತಿದ್ದರು. ಧೂಳು ಏಳುವ ಮೊದಲೇ ಕೆಸರಾಗಿ ಹರಿದುಹೋಗುತ್ತಿತ್ತು. ಹಾಗಾಗಿ ಕಲ್ಲಿಗೆ ಎಷ್ಟು ಹತ್ತಿರ ಕಿವಿ ಕೊಟ್ಟರೂ ಅವನಿಗೇನೂ ಆಗಲಿಲ್ಲ. ಧೂಳು ಏನು ಮಾಡುತ್ತದೆ ಎಂಬುದು ಗೊತ್ತಿಲ್ಲದ ಮನುಷ್ಯ ಅವನಲ್ಲ. ಮುಂದೆ ನಡೆದದ್ದನ್ನು ನೆನೆದರೆ ಹೊಟ್ಟೆ ಉರಿಯುವುದು ಅದಕ್ಕೇ.

ಗಣಿ ಕುಂಟತೊಡಗಿದಾಗ ಸ್ವಯಂ ನಿವೃತ್ತಿ ತೆಗೆದುಕೊಂಡು, ಪರಿಚಯದವರೊಬ್ಬರ ಮಾತು ನಂಬಿ, ಹೆಂಡತಿ ಅನಸೂಯಳ ಜೊತೆ ವಡೋದರಕ್ಕೆ ಬಂದ. ಗೋರ್ವಾದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಹಿಂದೆಯೇ ಅನಸೂಯಳ ತಮ್ಮ ಸಂದೀಪನೂ ಬಂದು ಅದೇ ಕಾರ್ಖಾನೆ ಸೇರಿದ. ಅನಸೂಯಳಿಗೆ ಮಕ್ಕಳಿರಲಿಲ್ಲ. ತಾಯಿ ಸತ್ತಾಗ ಸಂದೀಪನಿಗೆ ಇನ್ನೂ ಹಾಲುಹಲ್ಲು, ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಅವನಿಗೆ ಭಾವನೆಂದರೆ ದೇವರು. ಭಾವ ಕತ್ತು ಓರೆ ಮಾಡಿದರೆ ಅವನ ಕತ್ತೂ ಓರೆಯಾಗುತ್ತಿತ್ತು.

ಕಾರ್ಖಾನೆಯ ಯಂತ್ರಗಳು ಆಫ್ರಿಕಾದ ಒಂದು ಗಣಿಗೆ ಹೊರಟಾಗ, ಅವುಗಳ ಜೊತೆ ಈ ಇಬ್ಬರನ್ನೂ ಕಳಿಸಿದರು. ಅದು ತೆರೆದ ಗಣಿ. ಮೊದಲು ಅಲ್ಲೊಂದು ಗುಡ್ಡವಿತ್ತಂತೆ. ಸುತ್ತಲಿನ ಹಳ್ಳಿಯವರು ಹಾರೆ ಗುದ್ದಲಿ ಹಿಡಿದು ಬಿಲ ತೋಡಿ, ಹೊಳೆಯಲ್ಲಿ ಜಾಲಿಸಿ, ಚಿಟಿಕೆ ಚಿನ್ನ ತೆಗೆದು ಬದುಕುತ್ತಿದ್ದರು. ಕಂಪನಿ ಬಂದು ಬೇಲಿ ಹಾಕಿತು, ಹಳ್ಳಿಯನ್ನು ಎಬ್ಬಿಸಿತು, ಗುಡ್ಡವನ್ನು ತಲೆಯಿಂದ ಕತ್ತರಿಸುತ್ತಾ ಬಂದಿತು. ಇವರು ಹೋಗುವ ಹೊತ್ತಿಗೆ ಗುಡ್ಡ ಮುಗಿದು ಹೊಂಡವಾಗಿತ್ತು. ಕಲ್ಯಾಣಿಯ ಮೆಟ್ಟಿಲುಗಳ ಹಾಗೆ ಸುತ್ತಲೂ ಮೆಟ್ಟಿಲು, ಆದರೆ ಒಂದೊಂದು ಮೆಟ್ಟಿಲೂ ಮೂರು ಆಳೆತ್ತರ. ತಳದಲ್ಲಿ ಓಡಾಡುವ ಡಂಪರುಗಳು ಮೇಲಿನಿಂದ ಮಕ್ಕಳ ಆಟಿಕೆಯಂತೆ ಕಾಣುತ್ತಿದ್ದವು. ಹತ್ತಿರ ಹೋದರೆ ಅವುಗಳ ಒಂದೊಂದು ಚಕ್ರವೂ ಇವರಿಗಿಂತ ಎತ್ತರ.

ಕೆಲಸ ಒಂದೇ ವರಸೆ. ಮೆಟ್ಟಿಲಿನ ಮೇಲೆ ಸಾಲಾಗಿ ತೂತು ಕೊರೆಯಬೇಕು, ತೂತಿಗೆ ಸಿಡಿಮದ್ದು ತುಂಬಬೇಕು. ಸೈರನ್ ಕೂಗುತ್ತದೆ, ಎಲ್ಲರೂ ಮೇಲೆ ಬಂದು ನಿಲ್ಲುತ್ತಾರೆ, ನೆಲ ಒಮ್ಮೆ ಎದ್ದು ಕೂರುತ್ತದೆ. ಒಡೆದ ಕಲ್ಲನ್ನು ಯಂತ್ರ ಬಾಚಿ ಡಂಪರಿಗೆ ಹಾಕುತ್ತದೆ. ಚಿನ್ನವಿಲ್ಲದ ಕಲ್ಲು ದೂರದ ರಾಶಿಗೆ, ಇರುವ ಕಲ್ಲು ಗಿರಣಿಗೆ. ಗಿರಣಿಯಲ್ಲಿ ಹಿಟ್ಟಾಗಿ, ಸಯನೈಡ್ ತೊಟ್ಟಿಯಲ್ಲಿ ಕಲಸಿ, ಒಂದು ಲಾರಿ ಕಲ್ಲಿಗೆ ಒಂದು ಮೂಗುಬೊಟ್ಟಿನಷ್ಟು ಚಿನ್ನ. ಆ ಚಿನ್ನ ಸಣ್ಣ ವಿಮಾನದಲ್ಲಿ ಹಾರಿಹೋಗುತ್ತಿತ್ತು. ಕೊರೆದವರು ಯಾರೂ ಅದನ್ನು ಕಣ್ಣಲ್ಲಿ ಕಂಡದ್ದಿಲ್ಲ.

ಅಲ್ಲಿ ನೀರಿಗೆ ಬರ. ಕೊರೆಯುವುದೆಲ್ಲ ನೀರಿಲ್ಲದೆ, ಒಣದಾಗಿಯೇ. ತೂತಿನಿಂದ ಬಿಳಿ ಧೂಳು ಭುಸ್ಸೆಂದು ಏಳುತ್ತಿತ್ತು. ಅದಕ್ಕೆಂದೇ ಡ್ರಿಲ್ ನಡೆಸುವವನಿಗೆ ಗಾಜಿನ ಕ್ಯಾಬಿನ್, ಒಳಗೆ ತಣ್ಣನೆಯ ಗಾಳಿ, ರಬ್ಬರು ಪಟ್ಟಿಯ ಭದ್ರವಾದ ಬಾಗಿಲು. ದೊಡ್ಡಣ್ಣ ಮೊದಲ ದಿನ ಬಾಗಿಲು ಹಾಕಿಕೊಂಡು ಕೂತ. ಕಿವಿಗೆ ಹತ್ತಿ ತುರುಕಿದಂತಾಯಿತು. ಕಲ್ಲಿನ ಸದ್ದೇ ಇಲ್ಲ. ಸರಳು ಎರಡು ಸಲ ಸಿಕ್ಕಿಬಿತ್ತು. ಮೂರನೆಯ ಸಲಕ್ಕೆ ಅವನು ಬಾಗಿಲನ್ನು ಹಿಂದಕ್ಕೆ ತಳ್ಳಿ ತಂತಿಯಿಂದ ಬಿಗಿದ.

"ಭಾವ, ಧೂಳು," ಎಂದ ಸಂದೀಪ.

"ಅದೆಲ್ಲ ಸುರಂಗದ ಕಾಯಿಲೆ ಕಣೋ," ಎಂದು ದೊಡ್ಡಣ್ಣ ನಕ್ಕ. "ಅಲ್ಲಿ ಧೂಳಿಗೆ ಹೋಗಕ್ಕೆ ಜಾಗ ಇರ್ಲಿಲ್ಲ, ಎದೇಗೆ ಹೋಯ್ತು. ಇಲ್ಲಿ ಮೇಲೆ ನೋಡು, ಎಷ್ಟಗಲ ಆಕಾಶ! ಗಾಳಿ ಎತ್ಕೊಂಡು ಹೋಗತ್ತೆ."

ನೆಲದಡಿಯಲ್ಲಿ ಬದುಕು ಸವೆಸಿದವನಿಗೆ ಆಕಾಶದ ಮೇಲೆ ಅಷ್ಟೊಂದು ನಂಬಿಕೆ. ಸಾವು ಕತ್ತಲಲ್ಲಿರುತ್ತದೆ, ಬೆಳಕಿನಲ್ಲಿ ಇರುವುದಿಲ್ಲ ಎಂದು ಅವನು ಮನಸಾರೆ ನಂಬಿದ್ದ. ಭಾವ ಹೇಳಿದ ಮೇಲೆ ಮುಗಿಯಿತು, ಸಂದೀಪನ ಬಾಗಿಲಿಗೂ ತಂತಿ ಬಿತ್ತು. ಇವರಿಬ್ಬರ ಯಂತ್ರಗಳಲ್ಲಿ ಸರಳು ಮುರಿಯುವುದು ನಿಂತೇಹೋಯಿತು. ಕಂಪನಿ ಇಬ್ಬರಿಗೂ ಶಹಬ್ಬಾಸ್ ಎಂದಿತು, ಬಾಗಿಲು ಹಾಕು ಎಂದು ಮಾತ್ರ ಬಾಯಿ ಬಿಟ್ಟು ಹೇಳಲಿಲ್ಲ.

ಒಂದು ವರ್ಷ ಕಳೆಯುವುದರೊಳಗೆ ಕಾರ್ಖಾನೆ ದೊಡ್ಡಣ್ಣನನ್ನು ವಾಪಸು ಕರೆಸಿಕೊಂಡಿತು. ಸಂದೀಪ ಅಲ್ಲೇ ಉಳಿದ. ಇತ್ತ ಕೋಲಾರದ ಗಣಿಗೆ ಪೂರ್ತಿ ಬೀಗ ಬಿತ್ತು. ಕೆಲಸ ಕಳೆದುಕೊಂಡವರ ಮಕ್ಕಳು ದೊಡ್ಡಣ್ಣನ ವಿಳಾಸ ಹುಡುಕಿಕೊಂಡು ರೈಲು ಹತ್ತಿ ಬಂದರು. ಅವನು ಅವರಿಗೆ ಯಂತ್ರ ಕಲಿಸಿದ, ಅನಸೂಯ ಅವರಿಗೆ ಮುದ್ದೆ ಸಾರು ಹಾಕಿದಳು. ಆಮೇಲೆ ಒಬ್ಬೊಬ್ಬರಾಗಿ ಅವರೂ ಕೆಲಸಕ್ಕೆಂದು ಆಫ್ರಿಕಾದ ಆ ಹೊಂಡಕ್ಕೆ ಹಾರಿದರು.

ಸಂದೀಪ ರಜೆಗೆಂದು ಮನೆಗೆ ಬಂದದ್ದು ಎರಡು ಸಾವಿರದ ನಾಲ್ಕರ ಸಂಕ್ರಾಂತಿಗೆ, ಅಲ್ಲಿಯವರ ಉತ್ತರಾಯಣ ಹಬ್ಬದ ಹೊತ್ತಿಗೆ. ಊರಿಗೆ ಊರೇ ಮಾಳಿಗೆ ಹತ್ತಿ ಗಾಳಿಪಟ ಹಾರಿಸುತ್ತಿತ್ತು. ಮೂರನೆಯ ಮಹಡಿಯ ಮೆಟ್ಟಿಲ ಮಧ್ಯೆ ಸಂದೀಪ ಕೂತುಬಿಟ್ಟ. "ನೀವು ನಡೀರಿ ಭಾವ, ಬಂದೆ," ಎಂದ, ಬರಲಿಲ್ಲ. ಮೇಲೆ ಜನ ಕೂಗಾಡುತ್ತಿದ್ದರು. ಆ ಗಲಾಟೆಯ ನಡುವೆ ದೊಡ್ಡಣ್ಣನಿಗೆ ಕೆಳಗಿನಿಂದ ಒಂದು ಕೆಮ್ಮು ಕೇಳಿಸಿತು. ಒಣ ಕೆಮ್ಮು, ಕೊನೆಯಲ್ಲಿ ಸಣ್ಣ ಸಿಳ್ಳು. ಅಪ್ಪನ ಅದೇ ಕೆಮ್ಮಿನ ಪಕ್ಕದಲ್ಲೇ ಅವನು ಮಲಗಿ ಬೆಳೆದಿದ್ದ. ಕೈಯಲ್ಲಿದ್ದ ಗಾಳಿಪಟದ ದಾರ ಬಿಟ್ಟುಹೋಯಿತು.

ಗೋರ್ವಾದ ಒಬ್ಬ ಡಾಕ್ಟರು ಕ್ಷಯ ಎಂದು ಮಾತ್ರೆ ಕೊಟ್ಟರು. ದೊಡ್ಡಣ್ಣ ಆ ಮಾತಿಗೆ ಜೋತುಬಿದ್ದ. ಕ್ಷಯವಾದರೆ ವಾಸಿಯಾಗುತ್ತದಲ್ಲ! ಕ್ಷಯವಾಗಲಿ ಎಂದು ದೇವರಿಗೆ ಹರಕೆ ಹೊತ್ತ ಮನುಷ್ಯ ಆ ಊರಿನಲ್ಲಿ ಅವನೊಬ್ಬನೇ ಇರಬೇಕು. ಮಳೆಗಾಲ ಮುಗಿಯುವ ಹೊತ್ತಿಗೆ ಸಂದೀಪ ಅರ್ಧವಾಗಿದ್ದ. ದೊಡ್ಡ ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿದವರು ನೇರವಾಗಿಯೇ ಹೇಳಿದರು. ಕಲ್ಲಿನ ಧೂಳು, ಶ್ವಾಸಕೋಶದ ಎರಡೂ ಕಡೆ ಗಟ್ಟಿಯಾಗಿದೆ, ಮದ್ದಿಲ್ಲ.

ಆವತ್ತು ಸಂಜೆ ವಾರ್ಡಿನಲ್ಲಿ ಸಂದೀಪನ ಮೂಗಿಗೆ ಆಮ್ಲಜನಕದ ನಳಿಗೆ ಹಾಕಿದ್ದರು. ಅನಸೂಯ ಅವನ ಬೆನ್ನು ನೀವುತ್ತಾ ಕೂತಿದ್ದಳು. ಅವನು ಭಾವನ ಮುಖ ನೋಡಿ, ಸಮಾಧಾನ ಮಾಡುವವನ ಹಾಗೆ ಮಾತು ತೆಗೆದ.

"ಭಾವ, ನಮ್ಮ ಹುಡುಗ್ರು ಎಲ್ಲಾ ಚೆನ್ನಾಗಿ ಕಲ್ತಿದ್ದಾರೆ. ನೀವು ನಂಗೆ ಹೇಳ್ಕೊಟ್ಟಂಗೇ ನಾನೂ ಹೇಳ್ಕೊಟ್ಟೆ. ಬಾಗ್ಲು ತೆಕ್ಕೊಂಡು, ಕಿವಿ ಕೊಟ್ಟು… ಒಬ್ಬನ್ನೂ ಬಿಟ್ಟಿಲ್ಲ."

ಅವನ ಮುಖದಲ್ಲಿ ಹೆಮ್ಮೆ ಇತ್ತು. ದೊಡ್ಡಣ್ಣನಿಗೆ ತನ್ನ ಮನೆಯಲ್ಲಿ ಮುದ್ದೆ ಉಂಡು ಹೋದ ಮುಖಗಳೆಲ್ಲ ಒಂದೊಂದಾಗಿ ಕಣ್ಣೆದುರು ಬಂದವು. ಅಲ್ಲಿ ನಿಲ್ಲಲಾಗದೆ ಹೊರಗಿನ ವರಾಂಡಕ್ಕೆ ಹೋದ. ಅನಸೂಯ ಹಿಂದೆಯೇ ಬಂದಳು.

"ಬಾಗ್ಲು ಅಂದ್ನಲ್ಲ, ಏನದು?" ಎಂದಳು.

ದೊಡ್ಡಣ್ಣ ಮುಚ್ಚಿಡಲಿಲ್ಲ. ಬಾಗಿಲ ವಿಷಯ, ತಂತಿಯ ವಿಷಯ, ಆಕಾಶದ ಮಾತು ಎಲ್ಲ ಹೇಳಿದ. "ನಾನೇ ಕೊಂದೆ ಅನಸೂಯ," ಎಂದು ಗೋಡೆಗೆ ತಲೆ ಕೊಟ್ಟು ಅತ್ತ.

ಅವಳು ಅವನನ್ನು ಮುಟ್ಟಲೂ ಇಲ್ಲ, ಬಯ್ಯಲೂ ಇಲ್ಲ. ಸೆರಗಿನಿಂದ ತನ್ನ ಮುಖ ಒರೆಸಿಕೊಂಡಳು.

"ನಿಮ್ಮನ್ನ ಏನನ್ನಬೇಕು ಅಂತ ನಂಗೆ ಗೊತ್ತಾಗ್ತಿಲ್ಲ. ಅದು ಆಮೇಲೆ. ಉಳಿದ ಹುಡುಗ್ರು ಈಗ್ಲೂ ಅಲ್ಲೇ ಕೂತಿದ್ದಾರಲ್ರೀ! ಮೊದ್ಲು ಫೋನ್ ಮಾಡಿ, ನಡೀರಿ."

ಆಸ್ಪತ್ರೆಯ ಎದುರಿನ ಎಸ್‌ಟಿಡಿ ಬೂತಿನಿಂದ ಗಣಿಗೆ ಕರೆ ಹಚ್ಚಿದರು. ಅಲ್ಲಿ ಡ್ರಿಲ್ ವಿಭಾಗದ ಫೋರ್‌ಮನ್ ಜಯಂತಿಭಾಯಿ, ಖೇಡಾ ಕಡೆಯವನು, ದೊಡ್ಡಣ್ಣನಿಗೆ ಹಳೆಯ ದೋಸ್ತ.

"ಅರೆ ದೊಡ್ಡಾಭಾಯಿ! ಕೇಮ್ ಛೋ? ಹೇಗಿದ್ದೀ?"

"ಜಯಂತಿಭಾಯಿ, ಈಗಲೇ ನಮ್ಮ ಹುಡುಗರಿಗೆಲ್ಲ ಹೇಳು. ಕ್ಯಾಬಿನ್ ಬಾಗಿಲು ಮುಚ್ಚಿ ಕೂರಬೇಕು. ಸರಳು ಮುರಿದರೆ ಮುರೀಲಿ, ನಾನು ಹೇಳಿದೆ ಅನ್ನು," ಎಂದು ದೊಡ್ಡಣ್ಣ ಮುರುಕು ಹಿಂದಿಯಲ್ಲಿ ಕೂಗಿದ.

ಜಯಂತಿಭಾಯಿ ನಕ್ಕ.

"ಯಾವ ಬಾಗಿಲು ಭಾಯಿ? ನಿನ್ನ ಹುಡುಗರ ಕೆಲಸ ನೋಡಿ ಸಾಹೇಬರಿಗೆ ಬಹಳ ಸಂತೋಷ. ಹೋದ ವರ್ಷವೇ ಎಲ್ಲಾ ಯಂತ್ರದ ಬಾಗಿಲೂ ಕಳಚಿಸಿಬಿಟ್ಟರು. ಇಲ್ಲಿಯವರೂ ಈಗ ಹಾಗೇ ಕೊರೆಯುತ್ತಾರೆ. ನಿನ್ನ ಹೆಸರೇ ಇಟ್ಟಿದ್ದಾರೆ ಅದಕ್ಕೆ, ದೊಡ್ಡಾ ಡ್ರಿಲ್ಲಿಂಗ್ ಅಂತ."

ದೊಡ್ಡಣ್ಣ ರಿಸೀವರ್ ಹಿಡಿದುಕೊಂಡೇ ಇದ್ದ. ಅದರಾಚೆ ಎಲ್ಲೋ ಹಿಂದಿನಿಂದ ಸರಳು ಕಲ್ಲನ್ನು ಕೊರೆಯುವ ಸದ್ದು ಬರುತ್ತಿತ್ತು. ಕಲ್ಲು ಗಟ್ಟಿ ಇತ್ತು.

"ಏನಂದ್ರು?" ಎಂದಳು ಅನಸೂಯ.