ಲೋಕಯ್ಯ ಆಚಾರಿ ಕೀಸಿದ ಓಕ್ ತೊಲೆಗಳು

ಕಾರ್ಕಳದ ಲೋಕಯ್ಯ ಆಚಾರಿ ಮರಗೆಲಸದಲ್ಲಿ ಯಾರ ಮಾತಿಗೂ ಸೊಪ್ಪು ಹಾಕಿದವನಲ್ಲ. ಎಪ್ಪತ್ತೆಂಟನೇ ಇಸವಿಯಲ್ಲಿ ಬಹರೈನಿಗೆ ಬಂದು ಅಲ್ಲಿನ ಸಲ್ಮಾಬಾದಿನ ವರ್ಕ್‌ಶಾಪಿನಲ್ಲಿ ಕಪಾಟು ಮಾಡುತ್ತಿದ್ದ. ಪ್ಲೈವುಡ್ಡಿಗೆ ಮೊಳೆ ಹೊಡೆಯುವುದೂ ಒಂದು ಕೆಲಸವಾ ಎಂದು ದಿನಾ ಗೊಣಗಾಟ ಬೇರೆ. ಹಾಗಾಗಿ ಅಲ್ಲೇ ಬಂಗಲೆ ಮಾಡಿಕೊಂಡಿದ್ದ ಇಂಗ್ಲಿಷಿನವರಾದ ಹ್ಯಾರಿಸ್ ಸಾಹೇಬರ ಕೆಲಸ ಬಂದಾಗ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಇಂಗ್ಲೆಂಡಿನಲ್ಲಿ ಸಾಹೇಬರ ಹಿರಿಯರದ್ದೊಂದು ಹಳೆಯ ಹೊಲಮನೆಯಿತ್ತಂತೆ. ಓಕ್ ಮರದ ಚೌಕಟ್ಟು ನಿಲ್ಲಿಸಿ, ನಡುವಿನ ಜಾಗಕ್ಕೆ ಮಣ್ಣು ಮೆತ್ತಿ ಕಟ್ಟಿದ್ದು. ರಸ್ತೆ ಅಗಲ ಮಾಡಲು ಅದನ್ನು ಕೆಡವಿದಾಗ ಒಂದು ಗೋಡೆಯ ಕಂಬ, ತೊಲೆಗಳನ್ನು ಅವರು ಹಡಗಿನಲ್ಲಿ ತರಿಸಿಕೊಂಡರು. ಬಂಗಲೆಯ ಹಜಾರದಲ್ಲಿ ಜೋಡಿಸಿ ನಿಲ್ಲಿಸಲು ಹೇಳಿ ರಜೆಗೆ ಹೋದರು.

ತೊಲೆಗಳ ತುಂಬ ಮರ ಕೆತ್ತಿದ ಬಾಚಿಯ ಪೆಟ್ಟು. ಕೂಡುವ ಕಡೆಯಲ್ಲೆಲ್ಲ ಉಳಿಯಿಂದ ಕೊರೆದ ಗೀಟುಗಳು: ಯಾವ ತುಂಡಿಗೆ ಯಾವ ತುಂಡು ಎಂಬ ಗುರುತು. ಊರಿನಲ್ಲಿ ಲೋಕಯ್ಯನೂ ಹೀಗೇ ಗುರುತು ಹಾಕುತ್ತಿದ್ದ. ಅದನ್ನು ನೋಡಿಕೊಂಡೇ ಜೋಡಿಸಿ, ಮರದ ಮೊಳೆ ಬಡಿದ. ಎಲ್ಲ ಸರಿಯಾಗಿ ಕುಳಿತಿತು. ಆದರೆ ನಮ್ಮ ಕಡೆ ಮನೆ ಒಕ್ಕಲಿನ ಪೂಜೆಗೆ ಮೊದಲು ಗುರುತನ್ನೆಲ್ಲ ಕೀಸಿ ತೆಗೆಯಬೇಕು; ಉಳಿದರೆ ಆಚಾರಿಯ ಮರ್ಯಾದೆ ಹೋಯಿತು.

“ಕೆಲಸ ಅರ್ಧಕ್ಕೆ ಬಿಟ್ಟು ಹೋಗಿದ್ದಾನೆ ಮಾರಾಯ, ಆ ಬಿಳಿ ಆಚಾರಿ,” ಎಂದು ಜೊತೆಗಾರ ಮಹಾಬಲನಿಗೆ ಹೇಳಿ ನಕ್ಕ.

“ಸಾಹೇಬರನ್ನು ಒಂದು ಮಾತು ಕೇಳುವುದಲ್ವಾ?”

“ಎಂತ ಕೇಳುವುದು? ಮರದ ವಿಷಯ ನನಗೆ ಅವರು ಹೇಳಬೇಕಾ?”

ಕೀಸುಳಿ ಹಿಡಿದ. ಬಾಚಿಯ ಪೆಟ್ಟೂ ಹೋಯಿತು, ಗೀಟೂ ಹೋಯಿತು. ಮೇಲೆ ಪಾಲಿಶ್ ಕೊಟ್ಟು, ಮುಖ ಕಾಣುವಷ್ಟು ಮಿಂಚಿಸಿದ.

ರಜೆ ಮುಗಿಸಿ ಬಂದ ಹ್ಯಾರಿಸ್ ನೇರ ಕಂಬದ ಬಳಿ ಹೋಗಿ ಕೈಯಾಡಿಸಿದರು. ಮತ್ತೊಂದು ಕಡೆ ಹುಡುಕಿದರು. ತಮ್ಮ ಅಜ್ಜ ಆ ಗೀಟುಗಳ ಮೇಲೆ ಬೆರಳಿಡಿಸಿ ಎಣಿಸಲು ಕಲಿಸಿದ್ದರು, ಮನೆ ಕಟ್ಟಿದವನ ಹೆಸರು ಯಾರಿಗೂ ಗೊತ್ತಿಲ್ಲ, ಅವನದ್ದೆಂದು ಉಳಿದಿದ್ದದ್ದು ಆ ಗೀಟುಗಳಷ್ಟೇ ಎಂದು ಹರಕು ಹಿಂದಿಯಲ್ಲಿ ಹೇಳಿದರು. ಬೈಯಲಿಲ್ಲ. ಲೋಕಯ್ಯನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

“ನನಗೆ ನೆನಪುಂಟು ಸಾಬ್, ಪುನಃ ಕೊರೆದು ಕೊಡುತ್ತೇನೆ,” ಎಂದ.

“ಬೇಡ ಲೋಕಯ್ಯ. ಇರಲಿ.”

ಮುಂದಿನ ಶುಕ್ರವಾರ ಬಂಗಲೆಯಲ್ಲಿ ಪಾರ್ಟಿ. ಲೋಕಯ್ಯ, ಮಹಾಬಲರನ್ನೂ ಕರೆದಿದ್ದರು. ಅತಿಥಿಯೊಬ್ಬರು ತೊಲೆ ಸವರಿ, ಇದು ಹೊಸ ಮರವೇ ಎಂದು ಕೇಳಿದರು. ಹ್ಯಾರಿಸ್ ಲೋಕಯ್ಯನ ಮುಖ ನೋಡಿದರು. ಅದರಲ್ಲಿ ಏನು ಕಂಡಿತೋ.

“ಹೌದು, ಹೊಸದು,” ಎಂದರು. “ಎಲ್ಲ ಇವನೇ ಮಾಡಿದ್ದು.”

ಎಲ್ಲರೂ ಚಪ್ಪಾಳೆ ತಟ್ಟಿದರು. ಲೋಕಯ್ಯನ ಕಿವಿ ಕಾದುಹೋಯಿತು. ಅಲ್ಲ ಎನ್ನುವಷ್ಟು ಇಂಗ್ಲಿಷ್ ಅವನಿಗೆ ಬರುತ್ತಿತ್ತು. ಹೇಳಿದರೆ ಸಾಹೇಬರು ಸುಳ್ಳುಗಾರರಾಗುತ್ತಾರೆ.

“ಕೈ ಮುಗಿ ಮಾರಾಯ, ನೋಡ್ತಾ ಇದ್ದಾರೆ,” ಎಂದು ಮಹಾಬಲ ತಿವಿದ.

ಹೆಸರೂ ಗೊತ್ತಿಲ್ಲದ ಒಬ್ಬ ಆಚಾರಿಗೆ ಸಲ್ಲಬೇಕಾದ ಚಪ್ಪಾಳೆಗೆ ಲೋಕಯ್ಯ ಕೈ ಮುಗಿದ.